ಫೀಲ್ಡ್‌ನಿಂದ ಬಂದ ಜವಾನ್ರು "ಅಲ್ಲೇ ಚೊಲೋ ಇತ್ತು" ಅಂತಾರ: ಯಾಕ, ಮತ್ತ ಏನ್ ಮಾಡಬೇಕು?

ಘಟಪ್ರಭಾ ದಂಡಿ (ಗೋಕಾಕ) ಕೇಳ್ಯಾರ:

ಎಲ್ಲಾರಿಗೂ ನಮಸ್ಕಾರ. ನಮ್ಮ ತಾಲೂಕಿನ ಮಾಜಿ ಸೈನಿಕರ ಸಂಘದ ಪರವಾಗಿ ಕೇಳಾಕತ್ತೇನಿ. ಪಿಂಚಣಿ, ಸ್ಪರ್ಶ್ ಪೋರ್ಟಲ್, ಜೀವನ ಪ್ರಮಾಣ ಪತ್ರ, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡು, ಇವಕ್ಕೆಲ್ಲಾ ಉತ್ತರ ನಮ್ಮ ಕಡೆ ಐತಿ. ಇದೊಂದಕ್ಕ ಇಲ್ಲ.

38-40 ವಯಸ್ಸಿಗೆ ಪಿಂಚಣಿ ಮ್ಯಾಲ ಬಂದವ್ರೊಳಗ ಕೆಲವರು, ಅದರಾಗೂ ಕಾಶ್ಮೀರದಾಗ ರಾಷ್ಟ್ರೀಯ ರೈಫಲ್ಸ್ (ಆರ್‌ಆರ್, ಉಗ್ರರ ವಿರುದ್ಧದ ಪಡೆ) ಮಾಡಿದವ್ರು, ಸಿಯಾಚಿನ್ ಪೋಸ್ಟ್ ಮ್ಯಾಲ ಇದ್ದವ್ರು, ಊರಿಗೆ ಬಂದು ವರ್ಷ ತುಂಬೂದ್ರಾಗ "ಅಲ್ಲೇ ಚೊಲೋ ಇತ್ರಿ" ಅನ್ನಾಕ ಹತ್ತತಾರ. ಪೀಸ್ ಸ್ಟೇಷನ್ (ಅಪಾಯ ಇಲ್ಲದ ಊರಿನ ಛಾವಣಿ) ನೆನಸೂದಿಲ್ಲ. ಫೀಲ್ಡ್, ಅಂದ್ರ ಜೀವಕ್ಕ ಅಪಾಯ ಇದ್ದ ಜಾಗಾನ, ನೆನಸತಾರ. ಹೆಂಡ್ರು-ಮಕ್ಕಳು ಇದನ್ನ ಕೇಳಿ "ನಮಗಿಂತ ಸಾಯೂ ಜಾಗಾನ ಹೆಚ್ಚಾತೇನ ಇವರಿಗೆ" ಅಂತ ಕಣ್ಣೀರ ಹಾಕತಾರ. ಊರ ಮಂದಿ ಒಂದೋ ತಲಿ ಕೆಟ್ಟೈತಿ ಅಂತಾರ, ಇಲ್ಲಾ ಕುಡದ ಮಾತಾಡತಾನ ಅಂತಾರ.

ಇದು ರೋಗಾನೋ ಅಲ್ಲೋ? ಅಲ್ಲಂದ್ರ ಯಾಕ ಹಿಂಗ ಆಗತೈತಿ? ಸಂಘದಿಂದ ಕೈಲಾಗೂವಂಥದ್ದು ಏನರ ಐತೇನು? "ಯೋಗ ಮಾಡ್ರಿ, ಧೈರ್ಯ ತಗೋರಿ" ಅನ್ನೂ ಉತ್ತರ ಮಾತ್ರ ದಯಮಾಡಿ ಬ್ಯಾಡ.

ಹಳೇ ಹವಾಲ್ದಾರ (ಹುಕ್ಕೇರಿ):

ಮೊದ್ಲ ಮನಿ ಮಂದಿಗೆ ಒಂದ ಮಾತು ಹೇಳ್ರಿ. ಫೀಲ್ಡ್ ನೆನಪಾಗತೈತಿ ಅಂದಾಕ್ಷಣ ಕೊಲ್ಲೂದು ನೆನಪಾಗತೈತಿ ಅಂತ ಅಲ್ಲ. ಫೀಲ್ಡ್‌ನ್ಯಾಗ ಗುಂಡ ಹಾರೂ ಹೊತ್ತು ಭಾಳ ಕಡಿಮಿ. ಆರ್‌ಆರ್ ಟೆನ್ಯೂರ್ ಎರಡ-ಎರಡೂವರಿ ವರ್ಷ ಹಿಡದ್ರ ಅದರಾಗ ಹೆಚ್ಚಿನ ದಿನ ನಸಿಕಲೆ ರೋಡ್ ಓಪನಿಂಗ್, ರಾತ್ರಿ ಆ್ಯಂಬುಶ್ (ಹೊಂಚ ಹಾಕಿ ಕುಂಡ್ರೂದು), ನಡಬರಕ ಸಂತರಿ ಡ್ಯೂಟಿ. ರೋಡ್ ಓಪನಿಂಗ್ ಅಂದ್ರ ಕಾನ್ವಾಯ್ ಬರೂಕಿಂತ ಮೊದ್ಲ ರಸ್ತೆ ಮಗ್ಗಲದ ಮೋರಿ, ಹೊಸದಾಗಿ ಕೆದರಿದ ಮಣ್ಣು, ಎಲ್ಲಿಂದೋ ಬಂದ ವಾಯರ್ ನೋಡ್ಕೋತ ನಡಿಯೂದು, ಆಮ್ಯಾಲ ಕಡೀ ಗಾಡಿ ದಾಟೂತನ ನಿಂತ ಜಾಗಾ ಬಿಡದಂಗ ನಿಲ್ಲೂದು. ಬ್ಯಾಸರದ ಕೆಲಸ. ಆದ್ರ ಆ ಕೆಲಸ ಸರಿ ಆತೋ ಇಲ್ಲೋ ಅನ್ನೂದು ಅವತ್ತ ಸಂಜಿಗೇ ಗೊತ್ತಾಗತೈತಿ. ಗಾಡಿ ಎಲ್ಲಾ ದಾಟಿದ್ವು, ಯಾರಿಗೂ ಏನೂ ಆಗಲಿಲ್ಲ, ಮುಗೀತು. ಊರಾಗ ಇಂಥಾ ಸಂಜಿ ಸಿಗೂದಿಲ್ಲ. ಕಬ್ಬ ಹಚ್ಚಿದ್ರ ಕಟಾವು ವರ್ಷಕ್ಕ, ಬಿಲ್ಲು ಅದರ ಮುಂದ ಎಂದೋ. ಅಣ್ತಮ್ಮರ ವಾಟ್ನಿ, ಉತಾರದಾಗ ಹೆಸರು ಹಚ್ಚೂದು, ಇವು ಯಾವ ಸಂಜಿಗೂ ಮುಗಿಯೂವಂಥವಲ್ಲ.

ಎರಡನೇದು ಬಡ್ಡಿ (buddy), ಅಂದ್ರ ಜೋಡೀದಾರ. ಫೌಜಿನ್ಯಾಗ ಜೋಡಿ ಕೊಟ್ಟಿರತಾರ. ಒಬ್ಬಾವ ಮಲಗಿದ್ರ ಇನ್ನೊಬ್ಬಾವ ಎದ್ದಿರಬೇಕು. ಗ್ಲೇಶಿಯರ್ ಮ್ಯಾಲ ಆದ್ರ ಒಂದ ಹಗ್ಗಕ್ಕ ಕಟಗೊಂಡು ನಡಿಯೂದು, ಒಬ್ಬಾವ ಬಿರುಕಿನ್ಯಾಗ ಬಿದ್ರ ಉಳದವ್ರು ತಡೀಬೇಕು. ಪೋಸ್ಟ್ ಮ್ಯಾಲ ಒಬ್ಬರ ಕಾಲಬೆರಳು ಇನ್ನೊಬ್ಬರು ನೋಡತಾರ, ಬೆಳ್ಳಗಾಗ್ಯಾವೋ, ಸ್ಪರ್ಶ ಐತೋ ಅಂತ. "ನಾ ಎಚ್ಚರ ಇದ್ರ ಇವ ಬದಕತಾನ" ಅನ್ನೂ ಲೆಕ್ಕ ವರ್ಷಗಟ್ಲೆ ಮೈಗೆ ಹತ್ತಿರತೈತಿ. ಊರಿಗೆ ಬಂದ್ರ ಅವ ಎಚ್ಚರ ಇದ್ರೂ ಅಷ್ಟ, ಮಲಗಿದ್ರೂ ಅಷ್ಟ. ನನಗನಿಸಿದಂಗ ಎಲ್ಲಾಕಿಂತ ಹೆಚ್ಚ ಕಾಡೂದು ಇದು.

ಇನ್ನ ಒಂದು ನೋಡ್ರಿ, ಈ ಬಯಕಿ ಪಿಂಚಣಿ ಆದಮ್ಯಾಲ ಹುಟ್ಟೂದಲ್ಲ. ನೌಕರ್ಯಾಗ ಇದ್ದಾಗನ "ಪೀಸ್‌ಕಿಂತ ಫೀಲ್ಡ್ ಬೇಷ್" ಅನ್ನೂ ಮಾತು ಪ್ರತಿ ಪಲ್ಟನ್ನಿನ್ಯಾಗ ಐತಿ. ಪೀಸ್‌ನ್ಯಾಗ ಪರೇಡು, ಇನ್‌ಸ್ಪೆಕ್ಷನ್, ಸುಣ್ಣಾ ಬಳಿಯೂದು, ಫಟೀಗ್ (ಮೈಗೆಲಸ), ವಿಐಪಿ ಬಂದ್ರ ಹುಲ್ಲ ಕೊಯ್ಯೂದು. ಫೀಲ್ಡ್‌ನ್ಯಾಗ ಸಾಹೇಬರೂ ಜವಾನ್ರೂ ಒಂದ ಬಂಕರ್‌ನ್ಯಾಗ, ಒಂದ ಲಂಗರ್ (ಪಲ್ಟನ್ ಅಡಗಿಮನಿ) ಊಟ, ಪಾಲಿಶ್ ಕೇಳಾವ್ರಿಲ್ಲ. ಅಂದ್ರ ಹಳಹಳಿಗಿ ಮೊದ್ಲಿನದು, ಊರಿಗೆ ಬಂದಮ್ಯಾಲ ಅದಕ್ಕ ತಡಿ ಇಲ್ಲದಂಗಾತು. ಮನಸ್ಸು ಹಗರ ಆಗಾಕ ನಡಬರಕ ಹೊತ್ತ ಸಿಗೂದಿಲ್ಲ: ಮರಾಠಾ ಪಲ್ಟನ್ನಿನಾವ ಬೆಳಗಾವಿ ಸೆಂಟರ್‌ನ್ಯಾಗ ಕಿಟ್ ಒಪ್ಪಿಸಿ, ಡಿಸ್ಚಾರ್ಜ್ ಬುಕ್ ತಗೊಂಡು ಬಸ್ ಹತ್ತಿದ್ರ ಸಂಜಿಗೆ ಹುಕ್ಕೇರಿ. ಹಿಂದ ಎರಡನೇ ಮಹಾಯುದ್ಧದಿಂದ ಬರಾವ್ರು ಹಡಗಿನ್ಯಾಗ ವಾರಗಟ್ಲೆ ತಮ್ಮ ಪಲ್ಟನ್ ಜೋಡೀನ ಇದ್ದು ಬರತಿದ್ರು, ಮಾತು ಅಲ್ಲೇ ಹಗರ ಆಗತಿತ್ತು. ಬ್ರಿಟಿಷ್ ಸೈನ್ಯ ಅಫ್ಘಾನಿಸ್ತಾನದಿಂದ ಬರಾವ್ರನ್ನ ಸೈಪ್ರಸ್ ದ್ವೀಪದಾಗ ಒಂದ-ಒಂದೂವರಿ ದಿನ ಇಳಿಸಿ ಮುಂದ ಮನಿಗೆ ಬಿಡತಿದ್ದದ್ದೂ ಇದಕ್ಕ.

ಸಂಘದಾಗ ಕುಂತ ಮಾತಾಡೂ ಮುಂದ "ಯಾಕ ನೆನಪಾಗತೈತಿ" ಅಂತ ಕೇಳಬ್ಯಾಡ್ರಿ, ಉತ್ತರ ಬರೂದಿಲ್ಲ. "ಯಾವ ಹೊತ್ತು ನೆನಪಾಗತೈತಿ" ಅಂತ ಕೇಳ್ರಿ. ಆ್ಯಂಬುಶ್ ಕುಂತ ರಾತ್ರಿ ಅಂದ್ರ ಮೈ ಆ ಬಿಗಿ ಕೇಳಾಕತ್ತೈತಿ. ಲಂಗರ್ ಮುಂದ ಮಗ್ ಹಿಡದ ನಿಂತ ಹೊತ್ತು ಅಂದ್ರ ಜೋಡೀದಾರರು ಬೇಕಾಗ್ಯಾರ. ಸೆಕ್ಷನ್ನಿನ 10 ಮಂದಿಗೆ ಬ್ರೀಫಿಂಗ್ ಕೊಡೂ ಹೊತ್ತು ಅಂದ್ರ ಹುದ್ದೆ, ಜವಾಬ್ದಾರಿ. ಒಂದ ತಾರೀಖು, ಒಂದ ನಾಲಾ, ಒಬ್ಬಾವನ ಹೆಸರು ಹೇಳಿ ಸುಮ್ಮನಾದ್ರ ಅಲ್ಲಿ ದುಃಖ ಐತಿ, ಇಲ್ಲಾ "ನಾ ಉಳದೆ, ಅವ ಹೋದ" ಅನ್ನೂ ಅಪರಾಧದ ಭಾವ ಐತಿ. ನಾಕಕ್ಕೂ ಮದ್ದು ಬ್ಯಾರೆ ಬ್ಯಾರೆ. ಎಲ್ಲಾರಿಗೂ "ಒಂದ ನೌಕರಿ ಹಿಡಿ" ಅಂತ ಹೇಳಿದ್ರ ನಾಕರಾಗ ಮೂರ ಕಡೆ ಹುಸಿ ಹೋಗತೈತಿ.

ಮನೋಸಾಮಾಜಿಕ ಕಾರ್ಯಕರ್ತೆ (ವಿಜಯಪುರ):

ಹವಾಲ್ದಾರರ "ಯಾವ ಹೊತ್ತು" ಪ್ರಶ್ನೆಯನ್ನು ನಮ್ಮ ಕಡೆಯವರೂ ಕಲಿಯಬೇಕು. ವೈದ್ಯಕೀಯ ಭಾಗವನ್ನಷ್ಟೇ ನಾನು ಸೇರಿಸುತ್ತೇನೆ.

ಯುದ್ಧಭೂಮಿಯ ಹಂಬಲ ತಾನೇ ರೋಗವಲ್ಲ. ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, 1980ರಿಂದ ಮನೋವೈದ್ಯರ ಪಟ್ಟಿಯಲ್ಲಿದೆ. ಅದರ ಲಕ್ಷಣಗಳ ನಾಲ್ಕು ಗುಂಪು: ಘಟನೆ ಬೇಡವೆಂದರೂ ಕನಸಲ್ಲಿ, ಎಚ್ಚರದಲ್ಲಿ ನುಗ್ಗಿ ಬರುವುದು; ಅದನ್ನು ನೆನಪಿಸುವ ಜಾಗ, ಜನ, ಮಾತಿನಿಂದ ತಪ್ಪಿಸಿಕೊಳ್ಳುವುದು; ಮನಸ್ಸು ಮರಗಟ್ಟಿ, ತನ್ನ ಮೇಲೆ ಅಥವಾ ಜಗತ್ತಿನ ಮೇಲೆ ನಂಬಿಕೆ ಹೋಗುವುದು; ಸದಾ ಮೈಯೆಲ್ಲ ಕಿವಿಯಾಗಿ, ಸಣ್ಣದಕ್ಕೂ ಬೆಚ್ಚಿ ರೇಗುವುದು. ಇವು ಒಂದು ತಿಂಗಳು ದಾಟಿ, ಮನೆ-ದುಡಿಮೆ ಕೆಡಿಸಿದರೆ ಕಾಯಿಲೆ. ಬರೀ ಹಂಬಲ ಇರುವವರು ಆ ನೆನಪಿನ ಹತ್ತಿರ ಹೋಗುತ್ತಾರೆ, ಫೋಟೊ ತೆಗೆದು ತೋರಿಸುತ್ತಾರೆ, ಹಳೆಯ ಗೆಳೆಯನಿಗೆ ಫೋನ್ ಮಾಡುತ್ತಾರೆ. ಪಿಟಿಎಸ್‌ಡಿ ಇರುವವರು ಆ ಫೋನನ್ನು ಎತ್ತುವುದಿಲ್ಲ.

ಎರಡೂ ಒಟ್ಟಿಗೆ ಇರುವವರೂ ಇದ್ದಾರೆ, ಮನೆಯವರನ್ನು ಗೊಂದಲಕ್ಕೆ ಕೆಡವುವವರು ಇವರೇ. ಬೆನ್ನು ಗೋಡೆಗೆ ಕೊಟ್ಟು ಕೂರುವುದು, ಪ್ರತಿ ಸದ್ದಿಗೂ ತಿರುಗುವುದು, ಎರಡು ತಾಸು ಮಲಗಿ ಏಳುವುದು ಆ್ಯಂಬುಶ್‌ನಲ್ಲಿ ಗುಣ. ಇಂಡಿ ಊರಿನ ಸಂತೆಯಲ್ಲಿ ರೋಗದ ಲಕ್ಷಣ. ಹಾಗಾಗಿ ತನ್ನ ಮೈ ಹೊಂದಿಕೊಳ್ಳುವ ಏಕೈಕ ಜಾಗ ಅದು ಎಂದು ಅವರಿಗೆ ಅನ್ನಿಸಿದರೆ ಅದರಲ್ಲಿ ತರ್ಕವಿದೆ.

ಮೈಯ ವಿಚಾರ. ಅಪಾಯದಲ್ಲಿ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಉಕ್ಕುತ್ತವೆ. ನೋಟ ಕಿರಿದಾಗುತ್ತದೆ, ಕಾಲ ನಿಧಾನವಾದಂತೆ ಅನ್ನಿಸುತ್ತದೆ, ಬೇರೆ ಚಿಂತೆಗಳು ಅಳಿಸಿಹೋಗುತ್ತವೆ. ಸಾಲ, ಮಗಳ ಮದುವೆ, ಮಂಡಿನೋವು ಯಾವುದೂ ಆ ಕ್ಷಣದಲ್ಲಿಲ್ಲ. ಅಂಥ ಉದ್ರೇಕದಲ್ಲಿ ಕೂಡಿಟ್ಟ ನೆನಪು ಉಳಿದವುಗಳಿಗಿಂತ ಗಟ್ಟಿಯಾಗಿ ಅಚ್ಚೊತ್ತುತ್ತದೆ. ಬೇಸರದ ನೂರು ದಿನ ಮಾಸಿ, ಆ ಒಂದು ರಾತ್ರಿ ಬಣ್ಣದಲ್ಲಿ ಉಳಿಯುತ್ತದೆ. ಹೆದ್ದಾರಿಯಲ್ಲಿ ಬೈಕು ಓಡಿಸುವುದು, ಜೂಜು, ಕಾರಣವಿಲ್ಲದೆ ಜಗಳ ತೆಗೆಯುವುದು, ಇವೆಲ್ಲ ಆ ಉಕ್ಕನ್ನು ಅಗ್ಗದಲ್ಲಿ ಕೊಳ್ಳುವ ಪ್ರಯತ್ನ.

ಕುಡಿತದ ಲೆಕ್ಕವೂ ಹೀಗೇ ತಪ್ಪುತ್ತದೆ. ಮದ್ಯ ನಿದ್ದೆ ಬೇಗ ತರುತ್ತದೆ, ಆದರೆ ರಾತ್ರಿಯ ಮೊದಲರ್ಧದಲ್ಲಿ ಕನಸಿನ ನಿದ್ದೆಯನ್ನು ಅದುಮುತ್ತದೆ. ಎರಡನೇ ಅರ್ಧದಲ್ಲಿ ಅದು ಬಡ್ಡಿ ಸಮೇತ ಮರಳುತ್ತದೆ. ನಸುಕಿನ ಕೆಟ್ಟ ಕನಸು ಬಹಳ ಸಲ ಹೀಗೆ ಬಂದದ್ದು. ಒಂದು ಎಚ್ಚರಿಕೆ: ದಿನಾ ಕುಡಿಯುವವರನ್ನು ಆಣೆ ಹಾಕಿಸಿ ಒಮ್ಮೆಲೇ ಬಿಡಿಸಬೇಡಿ. 6ರಿಂದ 24 ತಾಸಿನಲ್ಲಿ ಕೈನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನ ಇಲ್ಲದ್ದು ಕಾಣುವ ಸನ್ನಿ. ಅದರಿಂದ ಜೀವ ಹೋಗುತ್ತದೆ. ಆಸ್ಪತ್ರೆಯಲ್ಲಿ, ಥಯಾಮಿನ್ (ಬಿ1 ವಿಟಮಿನ್) ಕೊಟ್ಟು, ಮಾತ್ರೆಯ ಪ್ರಮಾಣ ಇಳಿಸುತ್ತ ಬಿಡಿಸಬೇಕು.

ಮನೋವೈದ್ಯರ ಮುಂದೆ ಕೂರಿಸುವ ಮುನ್ನ ಕಿವಿ ಪರೀಕ್ಷೆ ಮಾಡಿಸಿ. ರೈಫಲ್ ಸದ್ದು ಎತ್ತರದ ಸ್ವರಗಳನ್ನು, ಸುಮಾರು 4000 ಹರ್ಟ್ಸ್ ಸುತ್ತಲಿನದನ್ನು, ಮೊದಲು ತಿನ್ನುತ್ತದೆ. ಸದ್ದು ಕೇಳುತ್ತದೆ, ಮಾತು ಬಿಡಿಸಿಕೊಳ್ಳುವುದಿಲ್ಲ, ಅದರಲ್ಲೂ ಹೆಂಗಸರು-ಮಕ್ಕಳದ್ದು. ಮನೆಯಲ್ಲಿ "ಇವರು ನಮ್ಮ ಜೊತೆ ಮಾತೇ ಆಡೋದಿಲ್ಲ" ಅನ್ನುವ ದೂರಿನ ಹಿಂದೆ ಕೆಲವೊಮ್ಮೆ ಇದಿಷ್ಟೇ ಇರುತ್ತದೆ. ಐಇಡಿ (ಹೂತಿಟ್ಟ ನಾಡಬಾಂಬು) ಸ್ಫೋಟದ ಹತ್ತಿರ ಇದ್ದವರಾದರೆ ತಲೆನೋವು, ಮರೆವು, ಸಿಟ್ಟು ಮಿದುಳಿನ ಪೆಟ್ಟಿನಿಂದಲೂ ಬರಬಹುದು, ಅದನ್ನು ವೈದ್ಯರಿಗೆ ತಾವಾಗೇ ಹೇಳಬೇಕು.

ಚಿಕಿತ್ಸೆ ಇದೆ, ಮುಗಿಯುವ ಲೆಕ್ಕವೂ ಇದೆ. ತಪ್ಪಿಸಿಕೊಂಡ ನೆನಪನ್ನು ಹಂತಹಂತವಾಗಿ ಎದುರಿಸುವ ಚಿಕಿತ್ಸೆ ಸಾಮಾನ್ಯವಾಗಿ 8ರಿಂದ 15 ಬೈಠಕ್, ಒಂದೊಂದು 90 ನಿಮಿಷದವರೆಗೆ. "ನನ್ನಿಂದಲೇ ಅವನು ಸತ್ತ" ಎಂಬಂಥ ಗಂಟುಗಳನ್ನು ಬಿಡಿಸುವ ಇನ್ನೊಂದು ಪದ್ಧತಿ ಸುಮಾರು 12 ಬೈಠಕ್. ಸರ್ಟ್ರಾಲಿನ್‌ನಂಥ ಮಾತ್ರೆಗಳ ಗುಣ ಕಾಣಲು 4-6 ವಾರ ಬೇಕು. ಎರಡನೇ ವಾರಕ್ಕೆ "ಏನೂ ಆಗಲಿಲ್ಲ" ಎಂದು ಬಿಟ್ಟವರೇ ಜಾಸ್ತಿ. ಅಂಗಡಿಯಿಂದ ತಂದ ಅಲ್‌ಪ್ರಜೋಲಮ್ ಥರದ ನಿದ್ದೆ ಗುಳಿಗೆ ಬೇಡ. ಚಟ ಹಿಡಿಯುತ್ತದೆ, ಮದ್ಯದ ಮೇಲೆ ತೆಗೆದುಕೊಂಡರೆ ಉಸಿರೇ ಕುಗ್ಗುತ್ತದೆ.

ಹೋಗುವ ದಾರಿ: ಇಸಿಎಚ್‌ಎಸ್ ಇದ್ದರೆ ಪಾಲಿಕ್ಲಿನಿಕ್‌ನಿಂದ ರೆಫರಲ್. ಇಲ್ಲದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ, ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್, ಗಂಭೀರವಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ, ಕನ್ನಡದಲ್ಲೂ ಇದೆ.

ಇಂಡಿ ಲಿಂಬಿ:

ಅಣ್ಣಾರ, ಅಕ್ಕಾರ, ಇಬ್ರೂ ಸೈನಿಕರ ಕಡಿಂದ ಹೇಳೀರಿ. ಮನಿ ಕಡಿಂದ ನಾ ಹೇಳ್ತೀನಿ.

ಫೌಜಿ ಹೆಂಡತಿ 15-20 ವರ್ಷ ಮನಿ ಒಬ್ಬಾಕೀನೇ ನಡಿಸಿರ್ತಾಳ. ಸಾಲಿ ಫೀ, ಸಂಘದ ಕಂತು, ಅತ್ತಿ-ಮಾವನ ದವಾಖಾನಿ, ಬೋರ್ ಮೋಟರ್ ಸುಟ್ರ ಮೆಕ್ಯಾನಿಕ್‌ಗೆ ಫೋನು, ಎಲ್ಲಾ. ಆತ ವಾರ್ಷಿಕ ರಜಾದಾಗ ಎರಡ ತಿಂಗಳು ಬರಾವ ಬೀಗ ಇದ್ದಂಗ. ಒಮ್ಮಿಂದೊಮ್ಮೆ ಕಾಯಂ ಬಂದು ನಿಂತಾಗ ಆತಗ ಮಾಡಾಕ ಕೆಲಸಾ ಇರೂದಿಲ್ಲ, ಅದಕ್ಕ ಇನ್‌ಸ್ಪೆಕ್ಷನ್ ಚಾಲೂ ಮಾಡ್ತಾನ. ಚಪ್ಪಲ್ ಸಾಲಾಗಿ ಯಾಕಿಲ್ಲ, ಮಗ ಆರಕ್ಕ ಯಾಕ ಎದ್ದಿಲ್ಲ, ಗ್ಯಾಸ್ ಎಷ್ಟ ದಿನಾ ಬಂತು. ಆಕಿ ಒಂದ ಮಾತು ಅಂದ್ಳಂದ್ರ "ಅಲ್ಲೇ ಚೊಲೋ ಇತ್ತು" ಬರ್ತದ.

ಇದಕ್ಕ ಉಪಾಯ ಅಂದ್ರ ಒಂದ ಕೆಲಸಾ ಪೂರ್ತಿ ಆತಗ ಬಿಟ್ಟುಬಿಡೂದು. ಅರ್ಧಾ ಅಲ್ಲ. ದವಾಖಾನಿ ಅಂದ್ರ ಫೈಲು, ತಾರೀಖು, ಗುಳಗಿ, ರೊಕ್ಕಾ ಎಲ್ಲಾ ಆತಂದೇ, ಆಕಿ ನಡಬರಕ ಕೈ ಹಾಕಬಾರ್ದು. ಆಕಿ ಕೆಲಸದಾಗ ಆತ ಹಾಕಬಾರ್ದು. ಮೊದಲಿನ ಆರ ತಿಂಗಳು ರೊಕ್ಕದ ದೊಡ್ಡ ನಿರ್ಧಾರ ಯಾವುದೂ ಬ್ಯಾಡ. ಗ್ರ್ಯಾಚುಟಿ, ಕಮ್ಯುಟೇಶನ್ (ಪಿಂಚಣಿಯ ಒಂದ ಭಾಗ ಮುಂಗಡ ತಗೊಂಡದ್ದು) ರೊಕ್ಕಾ ಬಂದದ್ದು ಗೊತ್ತಾದ್ರ ಪ್ಲಾಟ್ ದಲಾಲ್ರು, ಚೀಟಿ ಮಂದಿ ಬಾಗಿಲಾ ಬಡೀತಾರ, ಖಾಲಿ ಕುಂತಾವ ಬೇಗ ಹೂಂ ಅಂತಾನ.

ನಿದ್ದಿಯಿಂದ ಎಬ್ಬಸೂದಿದ್ರ ಭುಜಾ ಹಿಡದ ಅಲಗಾಡಸಬ್ಯಾಡ್ರಿ. ಕಾಲ ಕಡೆ, ಕೈಗೆ ಸಿಗಲಾರದಷ್ಟ ದೂರ ನಿಂತು ಹೆಸರು ಹಿಡದ ಕರೀರಿ. ಮಕ್ಕಳಿಗೂ ಇದನ್ನ ಕಲಸ್ರಿ. ಬೆಳಗಾವಿ ಗಣಪತಿ ವಿಸರ್ಜನಾ ಮೆರವಣಿಗಿ, ದೀಪಾವಳಿ, ಇವು ತಾರೀಖು ಗೊತ್ತಿರೂ ಸಂಗತಿ. ಎಲ್ಲಿ ನಿಲ್ಲೂದು, ಎಷ್ಟೊತ್ತಿಗೆ ಹೊರಡೂದು, ಯಾವ ಓಣಿಯಿಂದ ಹೊರಬೀಳೂದು ಮೊದ್ಲ ಮಾತಾಡ್ಕೊಂಡ್ರ ಹೋಗಿ ಬರಬಹುದು. ಹಿಂದಿಂದ ಒಮ್ಮೆಲೆ ಹಾರಿದ ಪಟಾಕಿನ ಹೆಚ್ಚ ತ್ರಾಸು ಕೊಡೂದು.

ಕೃಷ್ಣಾ ತೀರ (ಜಮಖಂಡಿ):

ಕೆಲಸದ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕ ಬರ್ಯಾಕತ್ತೇನಿ. ಹವಾಲ್ದಾರ ಸಾಹೇಬರ ನಾಕ ಗುಂಪು ಹಿಡದ ಹೊಂಟ್ರ ಲೆಕ್ಕ ಸರಳ.

ಜೋಡೀದಾರರು ಬೇಕಾದಾವಗ ಡಿಎಸ್‌ಸಿ, ಅಂದ್ರ ಡಿಫೆನ್ಸ್ ಸೆಕ್ಯುರಿಟಿ ಕೋರ್, ಒಳ್ಳೇದು. ಮತ್ತ ಅದೇ ಬ್ಯಾರಕ್, ಲಂಗರ್, ರೋಲ್ ಕಾಲ್. ವಯಸ್ಸು, ಡಿಸ್ಚಾರ್ಜ್ ಆಗಿ ಎಷ್ಟ ದಿನ ಆತು, ಇವಕ್ಕ ಮಿತಿ ಐತಿ, ಊರಾಗ ಕುಂತು ವಿಚಾರ ಮಾಡ್ಕೋತ ಹೋದ್ರ ಕೈ ತಪ್ಪತೈತಿ. ಜಿಲ್ಲಾ ಸೈನಿಕ ಕಚೇರಿಯಾಗ ಮೊದಲನೇ ತಿಂಗಳನ ಹೆಸರು ನೋಂದಸ್ರಿ.

ಎಲ್ಲಾರೂ ಹೋಗಿ ಬೀಳೂದು ಫ್ಯಾಕ್ಟರಿ ಗೇಟು, ಎಟಿಎಂ ಕಾವಲು. ಎಚ್ಚರ ಇರೂ ತ್ರಾಸು ಎಲ್ಲಾ ಐತಿ, ಬಡ್ಡಿ ಇಲ್ಲ, ಕಾಯಾಕ ಕಾರಣಾ ಇಲ್ಲ. 12 ತಾಸು ಒಬ್ಬನ ಕುಂತು ಹಳೇದನ್ನ ಮೆಲಕ ಹಾಕೂದು. ಹಂಬಲ ಹೆಚ್ಚ ಮಾಡೂ ಕೆಲಸ ಯಾವುದರ ಇದ್ರ ಇದು.

ಜವಾಬ್ದಾರಿ ಬೇಕಾದಾವಗ ನನ್ನ ಪ್ರಕಾರ ಎಲ್ಲಾಕಿಂತ ಬೇಷ್ ಅಂದ್ರ ಭರ್ತಿಗೆ ಹುಡುಗ್ರನ್ನ ತಯಾರ ಮಾಡೂದು. ಪೂರ್ತಿ ಅಂಕಕ್ಕ 1600 ಮೀಟರ್ 5 ನಿಮಿಷ 30 ಸೆಕೆಂಡಿನೊಳಗ, 10 ಪುಲ್‌ಅಪ್, 9 ಫೂಟಿನ ತೆಗ್ಗು ಹಾರೂದು, ಜಿಗ್‌ಜ್ಯಾಗ್ ಬ್ಯಾಲೆನ್ಸ್. ಗುರಿ ಐತಿ, ಗಡಿಯಾರ ಐತಿ, ಪಾಸೋ ಫೇಲೋ ಗೊತ್ತಾಗತೈತಿ, ನಸಿಕಲೆ ಎದ್ದದ್ದಕ್ಕ ಅರ್ಥ ಐತಿ. ತಪ್ಪೂದು ಎಲ್ಲಿ ಅಂದ್ರ, ಹುಡುಗ್ರನ್ನ ರಂಗ್ರೂಟ್ ಅಂತ ತಿಳಕೊಂಡು ಮೊದಲನೇ ವಾರದಾಗನ ರಗಡಾ (ಮೈ ಮುರಿಯೂ ಶಿಕ್ಷೆ) ಕೊಡತಾರ. ಬರಿಗಾಲಿಲೆ ಡಾಂಬರ್ ರಸ್ತೆ ಮ್ಯಾಲ ಓಡಿಸಿ ಮೊಣಕಾಲ ಕೆಳಗಿನ ಎಲಬು ನೋವು ಬಂತಂದ್ರ ಹುಡುಗ ತಿಂಗಳಗಟ್ಲೆ ಕುಂತಾ. ಮಣ್ಣಿನ ಟ್ರ್ಯಾಕ್, ವಾರಕ್ಕ ಸ್ವಲ್ಪ ಸ್ವಲ್ಪ ಏರಸೂದು, ವಾರದಾಗ ಒಂದ ದಿನಾ ಪೂರ್ತಿ ಬಿಡುವು. ಏಪ್ರಿಲ್-ಮೇದಾಗ ಏಳರ ಮ್ಯಾಲ ಓಡಸಬ್ಯಾಡ್ರಿ.

ಮೈ ಬಿಗಿ ಕೇಳಾವಗ ರಾತ್ರಿ ನೀರ ಹಾಯ್ಸೂ ಕೆಲಸ ಹಚ್ರಿ. ತ್ರೀ-ಫೇಸ್ ಹೆಂಗೂ ರಾತ್ರಿ ಪಾಳಿಗೆ ಬರತೈತಿ, ಅವಗ ಹೆಂಗೂ ನಿದ್ದಿ ಇಲ್ಲ.

ಹೊಳಿ ದಂಡಿ ಊರಿನವ್ರು 2019ರ ಪ್ರವಾಹ ನೆನಸ್ಕೋರಿ, ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆ ಬಂದಿದ್ವು. ಸಂಘದ ಕಡೆ ಊರಿಗೊಂದು ಹೆಸರಿನ ಪಟ್ಟಿ, ಹಗ್ಗ, ಟಾರ್ಚು, ಟ್ರ್ಯಾಕ್ಟರ್ ಟ್ಯೂಬು, ಯಾರ ಮನ್ಯಾಗ ಹಾಸಗಿ ಹಿಡದವ್ರು ಅದಾರ ಅನ್ನೂ ಲೆಕ್ಕ ಜೂನ್‌ಕ ಮೊದ್ಲ ತಯಾರ ಇದ್ರ ತಹಸೀಲ್ದಾರರ ಕಚೇರಿಗೂ ಉಪಯೋಗ, ಇವರಿಗೂ ಕೆಲಸ.

ಮನೋಸಾಮಾಜಿಕ ಕಾರ್ಯಕರ್ತೆ (ವಿಜಯಪುರ):

ರಾತ್ರಿ ನೀರು ಹಾಯಿಸುವ ಸಲಹೆಯನ್ನು ಒಪ್ಪಲಾರೆ. ಕೆಟ್ಟ ನಿದ್ದೆಗೆ ಮೊದಲ ಮದ್ದು, ಮಲಗಿದ ಹೊತ್ತು ಯಾವುದೇ ಇರಲಿ ಏಳುವ ಹೊತ್ತು ಒಂದೇ ಇರುವುದು. ನಿದ್ದೆ ಬಾರದೆ ಇಪ್ಪತ್ತು ನಿಮಿಷ ಆಯಿತೆಂದರೆ ಹಾಸಿಗೆ ಬಿಟ್ಟೆದ್ದು, ಕಣ್ಣು ಎಳೆದಾಗಷ್ಟೇ ಮರಳುವುದು. ಪಾಳಿ ವಾರಕ್ಕೊಮ್ಮೆ ಬದಲಾಗುವ ಕೆಲಸ ಇದನ್ನೆಲ್ಲ ಕೆಡಿಸುತ್ತದೆ. ಜೊತೆಗೆ ಕತ್ತಲಲ್ಲಿ ಟಾರ್ಚು ಹಿಡಿದು ಕಬ್ಬಿನ ಸಾಲಿನಲ್ಲಿ ಒಬ್ಬರೇ ನಡೆಯುವುದು ಆ್ಯಂಬುಶ್ ನೆನಪಿಗೆ ತೀರಾ ಹತ್ತಿರ. ಹಗಲು ಮೈ ದಣಿಸುವ ಕೆಲಸ ಕೊಡಿ: ಬದು ಹಾಕುವುದು, ಕುಸ್ತಿ ಗರಡಿ, ಓಟ.

ಕೃಷ್ಣಾ ತೀರ (ಜಮಖಂಡಿ):

ಅಕ್ಕಾರ, ಮೈಬಿಗಿ ಅಷ್ಟ ಇದ್ದು ಕೆಟ್ಟ ಕನಸು ಇಲ್ಲದವ್ರಿಗೆ ನಡೀತೈತಿ ಅಂತ ನನ್ನ ವಿಚಾರ. ಕನಸು ಬೀಳಾವ್ರಿಗೆ ಬ್ಯಾಡ, ಒಪ್ಪಿದೆ.

ಘಟಪ್ರಭಾ ದಂಡಿ:

ಎಲ್ಲಾರಿಗೂ ಧನ್ಯವಾದ. ಎರಡ ಸಂಗತಿ ಉಳದಾವು. ಬ್ಯಾಂಕ್ ಕಾವಲಿಗೆ ಅಂತ ಲೈಸನ್ಸ್ ಇರೂ 12 ಬೋರ್ ಬಂದೂಕು ಕೆಲವರ ಮನ್ಯಾಗ ಐತಿ. ಇನ್ನ ನೌಕರ್ಯಾಗ ಇದ್ದಾಗ ಇದನ್ನ ಯಾಕ ಯಾರೂ ಹೇಳ್ಕೊಳ್ಳೂದಿಲ್ಲ?

ಹಳೇ ಹವಾಲ್ದಾರ (ಹುಕ್ಕೇರಿ):

ಎರಡನೇದಕ್ಕ ಉತ್ತರ ಮೆಡಿಕಲ್ ಕೆಟಗರಿ. ಶೇಪ್ (SHAPE) ಅನ್ನೂ ಐದ ಇಂಗ್ಲಿಷ್ ಅಕ್ಷರದಾಗ ಮೊದಲನೇದು ಮನಸ್ಸಿಂದು. ಅಲ್ಲಿ ಇಳದ್ರ ಪ್ರಮೋಶನ್‌ಗೆ ಪೆಟ್ಟು, ಹತ್ಯಾರ ಕೈಗೆ ಕೊಡೂದಿಲ್ಲ, ಬ್ಯಾರಕ್‌ನ್ಯಾಗ ಗುಸುಗುಸು. ಅದಕ್ಕ ಮುಚ್ಚಿಟ್ಟು ಶೇಪ್-1, ಅಂದ್ರ ಪೂರ್ತಿ ಫಿಟ್, ಅಂತ ಹೊರಗ ಬರತಾರ. ಮುಂದ ಅದ ತ್ರಾಸಿಗೆ ಡಿಸೆಬಿಲಿಟಿ ಪಿಂಚಣಿ ಕೇಳಾಕ ಹೋದ್ರ ಕಾಗದದಾಗ ಏನೂ ಇಲ್ಲ. ಅದಕ್ಕ ಕನಿಷ್ಠ 20 ಪರ್ಸೆಂಟ್ ಅಂಗವಿಕಲತೆ ಮತ್ತ ಅದು ಸೇವಾದಿಂದನ ಬಂತು ಇಲ್ಲಾ ಹೆಚ್ಚಾತು ಅನ್ನೂದು ಎರಡೂ ಬೇಕು. ಈಗ ಕಡೀ ವರ್ಷದಾಗ ಇರೂ ಹುಡುಗ್ರಿಗೆ ಮೊದಲ ಹೇಳ್ರಿ: ನಿದ್ದಿ, ಕಿವಿ, ತಲಿಪೆಟ್ಟು, ಏನ ಇದ್ರೂ ಡಿಸ್ಚಾರ್ಜ್ ಮುಂಚಿನ ಮೆಡಿಕಲ್‌ನ್ಯಾಗ ಬರಸ್ರಿ, ನಕಲು ತಗೋರಿ. 2022ರಾಗ ಚಾಲೂ ಆದ ಅಗ್ನಿವೀರ ಹುಡುಗ್ರು ನಾಕ ವರ್ಷಕ್ಕ ಬರತಾರ, 25ರ ಆಸುಪಾಸಿಗೆ, ಪಿಂಚಣಿ ಇಲ್ಲದ. ಅವರಿಗೂ ಇದ ಮಾತು.

ಮನೋಸಾಮಾಜಿಕ ಕಾರ್ಯಕರ್ತೆ (ವಿಜಯಪುರ):

ಬಂದೂಕಿನ ಮಾತು ಎತ್ತಿದ್ದು ಒಳ್ಳೆಯದಾಯಿತು. "ನಾನಿಲ್ಲದಿದ್ದರೆ ನಿಮಗೆ ಹಗುರ" ಎಂಬಂಥ ಮಾತು, ಕಾಗದಪತ್ರ ಒಮ್ಮೆಲೇ ಒಪ್ಪ ಮಾಡುವುದು, ಗೆಳೆಯ ಸತ್ತ ತಾರೀಖು ಹತ್ತಿರ ಬಂದಾಗ ಕುಡಿತ ಏರುವುದು ಕಂಡರೆ ಬಂದೂಕು ಮನೆಯಲ್ಲಿರಬಾರದು. ಚುನಾವಣೆ ಹೊತ್ತಿಗೆ ಹೇಗೂ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವ ರೂಢಿ ಅವರಿಗಿದೆ. ಅದೇ ರೀತಿ ಲೈಸನ್ಸ್ ಇರುವ ಬಂದೂಕು ವ್ಯಾಪಾರಿಯ ಬಳಿ ಇಡಬಹುದೇ ಎಂದು ಠಾಣೆಯಲ್ಲಿ ಕೇಳಿ. ಈ ಮಾತನ್ನು ಹೆಂಡತಿ ಆಡಿದರೆ ಅವಮಾನ ಅನ್ನಿಸುತ್ತದೆ. ಅದೇ ಪಲ್ಟನ್ನಿನ ಹಿರಿಯರೊಬ್ಬರು ಆಡಲಿ. ಹೊಲದ ಮನೆಯ ಕೀಟನಾಶಕದ ಡಬ್ಬಿಗಳಿಗೂ ಬೀಗ ಹಾಕಿ, ಕೀಲಿ ಬೇರೆಯವರ ಬಳಿ ಇರಲಿ. "ಸಾಯುವ ವಿಚಾರ ಬರುತ್ತಿದೆಯಾ" ಎಂದು ನೇರವಾಗಿ ಕೇಳಿದರೆ ಆ ವಿಚಾರ ತಲೆಗೆ ಹೊಕ್ಕುವುದಿಲ್ಲ, ಕೇಳಿ. ಹೌದು ಅಂದರೆ ಆ ರಾತ್ರಿ ಒಬ್ಬರೇ ಬಿಡಬೇಡಿ, ಅಲ್ಲಿಂದಲೇ 14416ಕ್ಕೆ ಹಚ್ಚಿ, ಬೆಳಗಾದ ಕೂಡಲೇ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ. ಕೈಗೆ ಏನಾದರೂ ತೆಗೆದುಕೊಂಡಿದ್ದರೆ ಬೆಳಗಿನತನಕ ಕಾಯದೆ 108.